15 ಕಿಲೋ ಮೀನಿಗೆ ಎಷ್ಟು ಕಿಲೋ ದಾರ?

ಕೊರ್ತಿ-ಕೊಲ್ಹಾರ ಸೇತುವೆಯ ಆಚೀಚೆ, ಆಲಮಟ್ಟಿ ಹಿನ್ನೀರಿನಲ್ಲಿ ಗಾಳ ಹಾಕುವ ಹುಡುಗರ ಮೊಬೈಲಿನಲ್ಲಿ ಈಗ ಸ್ವೀಡನ್, ಕೆನಡಾದ ವಿಡಿಯೊಗಳೇ ಜಾಸ್ತಿ. ಮೀಟರಿಗಿಂತ ಉದ್ದದ ನಾರ್ದರ್ನ್ ಪೈಕ್ ಮೀನು ಹಿಡಿಯುವ ವಿಡಿಯೊಗಳು. ನೋಡಿದವರೆಲ್ಲ ಕೇಳುವುದು ಒಂದೇ: “ಅಣ್ಣಾರ, ಮೀನ 15 ಕಿಲೋ ಐತಿ ಅಂದ್ರ ದಾರ 20 ಕಿಲೋದ್ದರ ಬೇಕಲ್ರೀ?”

ಬೇಕಿಲ್ಲ. ದಾರದ ಡಬ್ಬಿಯ ಮೇಲೆ ಬರೆದಿರುವ ಕಿಲೋ ಅಂದರೆ ದಾರ ಕಡಿಯದೆ ತಡೆಯುವ ಎಳೆತ. ಅದಕ್ಕೂ ಮೀನಿನ ತೂಕಕ್ಕೂ ನೇರ ಸಂಬಂಧವೇ ಇಲ್ಲ. ಅಂಗಡಿಯವರೂ ಇದೇ ತಪ್ಪು ಲೆಕ್ಕ ಹೇಳಿ ಹಗ್ಗದಂಥ ದಾರ ಮಾರುತ್ತಾರೆ, ಅದೇ ಬೇಜಾರು.

ಬಾವಿಯಿಂದ ನೀರು ಸೇದಿದವರಿಗೆ ಇದು ಕೈಗೇ ಗೊತ್ತು. ಕೊಡ ನೀರೊಳಗೆ ಇರುವಷ್ಟು ಹೊತ್ತು ಹಗ್ಗ ಹಗುರ. ಮೇಲೆ ಬಂತೋ, ತೋಳು ಜಗ್ಗುತ್ತದೆ. ಮೀನು ತಾನಿರುವ ಜಾಗದ ನೀರನ್ನು ಸರಿಸಿರುತ್ತದೆ. ಸರಿದ ನೀರಿನ ತೂಕದಷ್ಟೇ ಬಲ ಅದನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಪೈಕ್‌ನ ಹೊಟ್ಟೆಯಲ್ಲಿ ಗಾಳಿಚೀಲ ಬೇರೆ ಇದೆ. ಹಾಗಾಗಿ 15 ಕಿಲೋ ಪೈಕ್ ನೀರಿನಲ್ಲಿ ಹೆಚ್ಚುಕಡಿಮೆ ತೂಕವೇ ಇಲ್ಲದ ಪ್ರಾಣಿ. 1986ರಲ್ಲಿ ಜರ್ಮನಿಯಲ್ಲಿ ಸಿಕ್ಕ ದಾಖಲೆಯ ಪೈಕ್ ಸುಮಾರು 25 ಕಿಲೋ ಇತ್ತು. ಅದಕ್ಕೂ ಇದೇ ನಿಯಮ. ದಾರಕ್ಕೆ ಪೂರ್ತಿ ತೂಕ ಬೀಳುವುದು ಮೀನನ್ನು ನೀರಿನಿಂದ ಮೇಲೆತ್ತಿದಾಗ ಮಾತ್ರ. ಅದಕ್ಕೇ ಅಲ್ಲಿಯವರು ದಡಕ್ಕೆ ಬಂದ ಮೀನಿನ ಕೆಳಗೆ ಕೈಬಲೆ ಹಿಡಿಯುತ್ತಾರೆ.

ಹಾಗಾದರೆ ದಾರ ಕಡಿಯುವುದು ಯಾಕೆ? ಮೀನಿನ ಮೈಯ ಬಲದಿಂದ. ಪೈಕ್ ಹೊಂಚು ಹಾಕುವ ಮೀನು. ಬೆನ್ನಿನ ರೆಕ್ಕೆ, ಅದರ ಕೆಳಗಿನ ಗುದದ ರೆಕ್ಕೆ ಎರಡೂ ಬಾಲದ ಹತ್ತಿರ ಇವೆ. ಮೈ ಬಳುಕಿಸಿ ಒಮ್ಮೆಲೇ ಚಿಮ್ಮುತ್ತದೆ, ಅಷ್ಟೇ ಬೇಗ ದಣಿಯುತ್ತದೆ. ಆ ಕೆಲವು ಸೆಕೆಂಡು ದಾರ ಬಿಟ್ಟುಕೊಡಬೇಕು. ಆ ಕೆಲಸ ಕೋಲಿಗೆ ಕಟ್ಟಿದ, ದಾರ ಸುತ್ತುವ ರೀಲಿನ ಡ್ರ್ಯಾಗ್‌ನದು, ಅಂದರೆ ಅದರೊಳಗಿನ ಬ್ರೇಕಿನದು.

ಡ್ರ್ಯಾಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನನಗೆ ಅದು ಅಷ್ಟು ಇಷ್ಟ. ಒಳಗೆ ಬಿಲ್ಲೆಗಳು ಒಂದಕ್ಕೊಂದು ಒತ್ತಿ ಕೂತಿರುತ್ತವೆ. ಎಳೆತ ಒಂದು ಮಿತಿ ದಾಟಿದರೆ ಬಿಲ್ಲೆಗಳು ಜಾರುತ್ತವೆ, ದಾರ ಸುತ್ತಿದ ಉರುಳೆ, ಅಂದರೆ ಸ್ಪೂಲ್, ತಿರುಗುತ್ತದೆ, ದಾರ ಹೋಗುತ್ತದೆ. ಮಿತಿಯನ್ನು 3 ಕಿಲೋಗೆ ಇಟ್ಟರೆ ಮೀನು 15 ಕಿಲೋ ಇರಲಿ, 25 ಕಿಲೋ ಇರಲಿ, ದಾರದ ಮೇಲೆ ಬೀಳುವುದು ಸುಮಾರು 3 ಕಿಲೋ. ಆದರೆ ಇಲ್ಲೊಂದು ಕಿತಾಪತಿ ಇದೆ. ಬಿಲ್ಲೆಗಳು ಹಿಡಿಯುವುದು ಸ್ಪೂಲ್ ತಿರುಗುವುದನ್ನು, ದಾರವನ್ನಲ್ಲ. ದಾರ ಹೊರಗೆ ಹೋದಷ್ಟೂ ಸ್ಪೂಲಿನ ಮೇಲಿನ ಸುತ್ತು ಸಣ್ಣದಾಗುತ್ತದೆ. ಅದೇ ಸ್ಪೂಲ್ ತಿರುಗಿಸಲು ಈಗ ಜಾಸ್ತಿ ಎಳೆಯಬೇಕು. ಸುತ್ತಿನ ಅಗಲ ಅರ್ಧಕ್ಕೆ ಇಳಿದರೆ ನಿಮ್ಮ 3 ಕಿಲೋ 6 ಕಿಲೋ ಆಗುತ್ತದೆ. ನೀವು ಡ್ರ್ಯಾಗ್ ಬಿಗಿ ಮಾಡುವ ತಿರುಪನ್ನು ಮುಟ್ಟೇ ಇಲ್ಲ! ದೂರ ಓಡಿದ ಮೀನು ದಾರ ಕಡಿಸಿಕೊಂಡು ಹೋಗುವುದಕ್ಕೆ ಇದೂ ಒಂದು ಕಾರಣ. ಜನ ಅದನ್ನು ನಸೀಬು ಅಂತಾರೆ.

ಕೋಲಿನ ಲೆಕ್ಕವೂ ಹಾಗೇ ತಲೆಕೆಳಗು. ಉದ್ದ ಕೋಲು ಅಂದರೆ ಜಾಸ್ತಿ ಬಲ ಅಂದುಕೊಳ್ಳುತ್ತಾರೆ. 2.1 ಮೀಟರ್ ಕೋಲಿನ ಬುಡ ಹೊಟ್ಟೆಗೆ ಊರಿ, ಬುಡದಿಂದ 30 ಸೆಂಟಿಮೀಟರ್ ಮೇಲೆ ಕೈ ಹಿಡಿದಿದ್ದೀರಿ ಅನ್ನಿ. ತುದಿಯಲ್ಲಿ ಮೀನು ಅಡ್ಡಡ್ಡ 2 ಕಿಲೋ ಎಳೆದರೆ ನಿಮ್ಮ ಕೈಗೆ 14 ಕಿಲೋ. ಸನ್ನೆಯ ಲಾಭ ಮೀನಿನ ಪಾಲಿಗೆ! ಕೋಲು ಬಾಗಬೇಕು ಅನ್ನುವುದು ಇದಕ್ಕೇ. ಬಾಗಿದಾಗ ಸನ್ನೆ ಚಿಕ್ಕದಾಗುತ್ತದೆ, ಮೀನಿನ ದಿಢೀರ್ ಎಳೆತಗಳನ್ನೂ ಅದೇ ನುಂಗುತ್ತದೆ.

ಬಲಕ್ಕಿಂತ ಉಪಾಯ ಮೇಲು ಅನ್ನುವುದು ನಮ್ಮ ಕಡೆಗೆ ಹೊಸದೇನಲ್ಲ. ಈ ಸೀಮೆಯನ್ನೆಲ್ಲ ಆಳಿದ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ತನ್ನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಅಂತ ಒಂದು ಭಾಗವನ್ನೇ ಇಟ್ಟ. ಮೀನುಗಳ ಬಗೆ, ಅವುಗಳಿಗೆ ಹಾಕುವ ಮೇವು, ಗಾಳ ಹಾಕುವ ಕ್ರಮ, ಎಲ್ಲ ಅಲ್ಲಿದೆ. ರಾಜನಿಗೆ ಇದಕ್ಕೂ ಪುರುಸೊತ್ತಿತ್ತು ನೋಡಿ. ಈಗಿನ ಗಾಳದ ದಾರಕ್ಕೆ ಬಳಸುವ ನೈಲಾನ್ ಬಂದದ್ದು ಎಷ್ಟೋ ಆಮೇಲೆ, 1935ರಲ್ಲಿ, ಅಮೆರಿಕದ ಡ್ಯುಪಾಂಟ್ ಕಂಪನಿಯ ವ್ಯಾಲೇಸ್ ಕ್ಯಾರದರ್ಸ್ ಅವರ ಪ್ರಯೋಗಾಲಯದಲ್ಲಿ.

ನೀವು ಕೇಳಬಹುದು, ಹಾಗಾದರೆ ಪೈಕ್ ಹಿಡಿಯುವವರು 20–30 ಕಿಲೋ ತಡೆಯುವ ಹೆಣೆದ ದಾರವನ್ನೇ ಯಾಕೆ ಕಟ್ಟುತ್ತಾರೆ? ಕಟ್ಟುತ್ತಾರೆ, ನಿಜ. ಕಾರಣ ಬೇರೆ. ದೊಡ್ಡ ಪೈಕ್‌ಗೆ 100 ಗ್ರಾಂ ತೂಗುವ ನಕಲಿ ಮೀನನ್ನು ಬೀಸಿ ಎಸೆಯಬೇಕು. ಆ ಬೀಸಿಗೆ ತೆಳು ದಾರ ಪಟ್ಟಂತ ಕಡಿಯುತ್ತದೆ. ಜೊತೆಗೆ ಮೀನು ಜೊಂಡಿನೊಳಗೆ ನುಗ್ಗಿದರೆ ಜೊಂಡಿನ ಸಮೇತ ಎಳೆದು ತರಬೇಕು. ಬೇಗ ದಡಕ್ಕೆ ತಂದರೆ ಮೀನು ಸುಸ್ತಾಗಿ ಸಾಯುವುದಿಲ್ಲ, ವಾಪಸ್ ಬಿಡಬಹುದು. ಪೈಕ್ ತಣ್ಣೀರಿನ ಮೀನು, ನೀರು ಬಿಸಿಯಾದ ದಿನಗಳಲ್ಲಿ ಸುಧಾರಿಸಿಕೊಳ್ಳುವುದು ಅದಕ್ಕೆ ಕಷ್ಟ.

ಇಷ್ಟು ಗಟ್ಟಿ ದಾರವನ್ನೂ ಪೈಕ್ ಕ್ಷಣದಲ್ಲಿ ಕಡಿಯಬಲ್ಲದು. ಎಳೆದಲ್ಲ, ಹಲ್ಲಿನಿಂದ. ಕೆಳದವಡೆಯಲ್ಲಿ ದೊಡ್ಡ ಚೂಪು ಹಲ್ಲು, ಅಂಗುಳದಲ್ಲಿ ಹಿಂದಕ್ಕೆ ಬಾಗಿದ ನೂರಾರು ಸಣ್ಣ ಹಲ್ಲು. ಚೂಪು ತುದಿ ದಾರವನ್ನು ಮುಟ್ಟುವ ಜಾಗ ತೀರಾ ಸಣ್ಣದು. ಹಾಗಾಗಿ ಕಡಿಮೆ ಬಲಕ್ಕೂ ಅಲ್ಲಿ ಒತ್ತಡ ವಿಪರೀತ. ದಾರ ಬಿಗಿಯಾಗಿದ್ದರಂತೂ ಮುಗೀತು. ಅದಕ್ಕೇ ಕೊಕ್ಕೆಗೂ ದಾರಕ್ಕೂ ನಡುವೆ ಒಂದಡಿ ಉಕ್ಕಿನ ಅಥವಾ ಟೈಟೇನಿಯಂ ತಂತಿ ಬೇಕು. ಪೈಕ್ ಸಾಮಾನಿನಲ್ಲಿ ಮೊದಲು ಕೊಳ್ಳಬೇಕಾದ್ದು ಇದೇ. ಇದಿಲ್ಲದಿದ್ದರೆ ಮೀನು ಬಾಯಲ್ಲಿ ಕೊಕ್ಕೆ ಇಟ್ಟುಕೊಂಡೇ ಹೋಗುತ್ತದೆ.

ಕೃಷ್ಣೆಯಲ್ಲಿ ಪೈಕ್ ಇಲ್ಲ. ನಮ್ಮಲ್ಲಿರುವ ದೊಡ್ಡ ಬಾಯಿಯ ಬೇಟೆಗಾರ ಬಾಳೆ ಮೀನು. ಅದರ ಹಲ್ಲು ಸಣ್ಣವು, ಸಾಲುಸಾಲು. ದಾರವನ್ನು ಒಂದೇ ಏಟಿಗೆ ಕಡಿಯುವುದಕ್ಕಿಂತ ಉಜ್ಜಿ ಸವೆಸುತ್ತವೆ. ಅದಕ್ಕೆ ಕೊಕ್ಕೆಯ ಹತ್ತಿರ ದಪ್ಪ ನೈಲಾನ್ ತುಂಡು ಕಟ್ಟಿ, ಪ್ರತಿ ಮೀನಿನ ನಂತರ ಬೆರಳಾಡಿಸಿ ನೋಡಿ. ಒರಟಾಗಿದ್ದರೆ ಬದಲಿಸಿ. ಬಾಳೆ ಮೀನು ಈಗ ಜಾಗತಿಕ ಅಪಾಯದ ಪಟ್ಟಿಯಲ್ಲಿದೆ, ಹಿಡಿದದ್ದನ್ನು ಬಿಟ್ಟರೆ ಇನ್ನೂ ಒಳ್ಳೆಯದು.

ಡ್ರ್ಯಾಗ್ ಅನ್ನು ಕೈಯಲ್ಲಿ ಎಳೆದು ಅಂದಾಜು ಮಾಡಬೇಡಿ. ದಾರದ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆಯಿರಿ. ದಾರ ಕಡಿಯುವ ಮಿತಿಯ ಕಾಲು ಭಾಗಕ್ಕೆ ಸ್ಪೂಲ್ ಜಾರಬೇಕು. ಇದು ತುಂಬಿದ ಸ್ಪೂಲಿನ ಲೆಕ್ಕ. ಮೀನು ಅರ್ಧ ದಾರ ಎಳೆದೊಯ್ದರೆ ತಿರುಪನ್ನು ಬಿಗಿ ಮಾಡಬೇಡಿ, ಸ್ವಲ್ಪ ಸಡಿಲಿಸಿ.