ಟಾಕೀಸಿನ ಹೊರಮೆಟ್ಟಿಲು ಮತ್ತು ಆರದ ಬೆಂಕಿ

ಹಳೆಯ ಟಾಕೀಸುಗಳ ವಾಸ್ತುಶಿಲ್ಪವೆಂದರೆ ಮುಂಭಾಗದ ಕಮಾನು, ಗಾರೆಯ ಅಲಂಕಾರ, ಬಾಲ್ಕನಿಯ ಕಟಾಂಜನ ಇಷ್ಟನ್ನೇ ವರ್ಣಿಸುವುದು ರೂಢಿ. ಕಾಸರಗೋಡು ಸೀಮೆಯಲ್ಲಿ ಮುರಕಲ್ಲಿನ ಗೋಡೆಯ ಅಂಥ ಕಟ್ಟಡವೊಂದು ಕಣ್ಣಿಗೆ ಬಿದ್ದರೆ ಅದರ ಹಿಂಬದಿಯನ್ನೂ ಒಮ್ಮೆ ನೋಡಬೇಕು. ಪ್ರೊಜೆಕ್ಟರ್ ಕ್ಯಾಬಿನ್ನಿಗೆ ಹೊರಗಿನಿಂದಲೇ ಹತ್ತುವ ಕಿರುಮೆಟ್ಟಿಲು, ಹೊರಕ್ಕೆ ತೆರೆಯುವ ತಗಡಿನ ಬಾಗಿಲು, ಮಾಡಿನ ಮೇಲೆ ಚಾಚಿದ ಹೊಗೆಕೊಳವೆ ಅಲ್ಲಿರುತ್ತವೆ. ಒಳಗಿನಿಂದ ಬಾಗಿಲಿಡದಿರುವುದು ವಾಸ್ತುವಿನ ಕಾರಣಕ್ಕೆ ಎನ್ನುವವರಿದ್ದಾರೆ. ಬಿಟ್ಟಿ ಸಿನಿಮಾ ನೋಡುವವರು ನುಗ್ಗದಿರಲೆಂದು ಮಾಲೀಕರು ಹೂಡಿದ ಉಪಾಯ ಎನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ. ಕಾರಣವಿರುವುದು ರಸಾಯನಶಾಸ್ತ್ರದಲ್ಲಿ.

ಆರಂಭದ ಸಿನಿಮಾ ರೀಲುಗಳು ಸೆಲ್ಯುಲೋಸ್ ನೈಟ್ರೇಟಿನವು. ಸೌದೆಯ ಬೆಂಕಿಗೆ ಆಮ್ಲಜನಕ ಗಾಳಿಯಿಂದ ಸಿಗಬೇಕು. ಒದ್ದೆ ಗೋಣಿ ಹೊದಿಸಿದರೆ ಅದು ಆರುತ್ತದೆ. ನೈಟ್ರೇಟ್ ಫಿಲ್ಮಿನ ಅಣುವಿನಲ್ಲಿಯೇ ಆಮ್ಲಜನಕ ಅಡಕವಾಗಿರುವುದರಿಂದ ಮರಳು ಸುರಿದರೂ ನೀರಿನಲ್ಲಿ ಮುಳುಗಿಸಿದರೂ ಅದರ ಉರಿ ನಿಲ್ಲುವುದಿಲ್ಲ. ನಮ್ಮ ದೇವಸ್ಥಾನಗಳ ಉತ್ಸವದಲ್ಲಿ ಸಿಡಿಸುವ ಕದಿನವೂ ಇದೇ ಜಾತಿಯದು: ಬಿಗಿಯಾಗಿ ಜಡಿದ ಕೊಳವೆಯೊಳಗೆ ಗಾಳಿ ಹೋಗುವಂತಿಲ್ಲವಾದರೂ ಮದ್ದು ಹೊತ್ತಿಕೊಳ್ಳುತ್ತದೆ, ಏಕೆಂದರೆ ಅದರಲ್ಲಿ ಬೆರೆತ ಪೆಟ್ಲುಪ್ಪು ಆಮ್ಲಜನಕವನ್ನು ಒದಗಿಸುತ್ತದೆ. ಇಂಥ ವಸ್ತುವನ್ನು ಸುಮಾರು 3,500 ಡಿಗ್ರಿ ಸೆಲ್ಸಿಯಸ್ ಕಾಯುವ ಕಾರ್ಬನ್ ಆರ್ಕ್ ದೀಪದ ಮುಂದೆ, ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡಿಸುತ್ತಿದ್ದರು. ಓಡುತ್ತಿರುವವರೆಗೆ ಚಿಂತೆಯಿಲ್ಲ. ರೀಲು ಸಿಕ್ಕಿಕೊಂಡು ಒಂದೇ ಚೌಕಟ್ಟು ಬೆಳಕಿನೆದುರು ನಿಂತಿತೆಂದರೆ ಹೊತ್ತಿಕೊಳ್ಳಲು ಕ್ಷಣಗಳು ಸಾಕು. ಏಳುವ ಹೊಗೆಯೋ ಸಾರಜನಕದ ಆಕ್ಸೈಡುಗಳಿಂದ ತುಂಬಿದ ವಿಷ.

ಆರಿಸಲಾಗದ ಬೆಂಕಿಯನ್ನು ಕಟ್ಟಿಹಾಕುವುದೊಂದೇ ದಾರಿ. ಕ್ಯಾಬಿನ್ನಿನ ಗೋಡೆ ದಪ್ಪವಾದದ್ದು, ಪ್ರೇಕ್ಷಕರ ಕಡೆಗೆ ಅಂಗೈಯಗಲದ ಕಿಂಡಿಗಳು ಮಾತ್ರ ಉಳಿದದ್ದು ಈ ಕಾರಣಕ್ಕೆ. ಪ್ರತಿ ಪ್ರೊಜೆಕ್ಟರಿಗೆ ಎರಡು ಕಿಂಡಿ, ಒಂದು ಬೆಳಕು ಹಾಯಲು, ಇನ್ನೊಂದು ಆಪರೇಟರ್ ಇಣುಕಲು. ಕಿಂಡಿಯ ಮೇಲೆ ಕಬ್ಬಿಣದ ಪುಟ್ಟ ಹಲಗೆಯೊಂದು ತೂಗುತ್ತಿರುತ್ತದೆ. ಅದನ್ನು ಹಿಡಿದಿಟ್ಟ ಸರಪಳಿಯ ನಡುವೆ ಕಡಿಮೆ ಶಾಖಕ್ಕೇ ಕರಗುವ ಲೋಹದ ತುಣುಕಿರುತ್ತದೆ. ಅದು ಕರಗಿದೊಡನೆ ಹಲಗೆ ತನ್ನ ಭಾರಕ್ಕೆ ತಾನೇ ಜಾರಿ ಕಿಂಡಿಯನ್ನು ಮುಚ್ಚುತ್ತದೆ. ಸಭಾಂಗಣದಲ್ಲಿ ಕುಳಿತವರಿಗೆ ಹೊಗೆ ಮುಟ್ಟಬಾರದು, ಆಪರೇಟರ್ ಮಾತ್ರ ಹೊರಮೆಟ್ಟಿಲಿಳಿದು ಪಾರಾಗಬೇಕು. ಇಷ್ಟು ಅಚ್ಚುಕಟ್ಟಾದ ಏರ್ಪಾಡನ್ನು ವಾಸ್ತುವಿನ ಲೆಕ್ಕಕ್ಕೆ ಬರೆದುಬಿಡುವುದು ಅದನ್ನು ಯೋಚಿಸಿದವರಿಗೆ ಮಾಡುವ ಅನ್ಯಾಯ.

ಈ ಎಚ್ಚರಿಕೆಯ ಹಿಂದೆ ದುರಂತಗಳಿವೆ. 1897ರಲ್ಲಿ ಪ್ಯಾರಿಸ್ಸಿನ ಧರ್ಮಾರ್ಥ ಸಂತೆಯೊಂದರಲ್ಲಿ ಸಿನಿಮಾ ಪ್ರದರ್ಶನದ ವೇಳೆ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿ ಮೊದಲು ಹೊತ್ತಿದ್ದು ಫಿಲ್ಮಲ್ಲ, ದೀಪಕ್ಕೆ ಬಳಸುತ್ತಿದ್ದ ಈಥರ್. ಆದರೂ ಸಿನಿಮಾ ಎಂದರೆ ಬೆಂಕಿ ಎಂಬ ಭಯ ಆಗಲೇ ಬೇರೂರಿತು. ಬ್ರಿಟನ್ 1909ರಲ್ಲಿ ಕಾಯ್ದೆ ಮಾಡಿತು, ಭಾರತದಲ್ಲಿ 1918ರ ಸಿನಿಮಾಟೋಗ್ರಾಫ್ ಕಾಯ್ದೆ ಬಂತು. ಕಾಸರಗೋಡು ಆಗ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ಅದು ಕೇರಳದ ಪಾಲಾಗಿ, 1958ರಲ್ಲಿ ಆ ರಾಜ್ಯದ್ದೇ ಸಿನಿಮಾ ನಿಯಂತ್ರಣ ಕಾಯ್ದೆ ಬಂದರೂ ಬೆಂಕಿಯ ಕುರಿತ ಎಚ್ಚರಿಕೆ ಮಾತ್ರ ಉಳಿದುಕೊಂಡಿತು.

ಸ್ವಾರಸ್ಯವಿರುವುದು ಮುಂದೆ. ಕೊಡಾಕ್ ಕಂಪನಿ 1948ರಲ್ಲಿ ಸುಲಭವಾಗಿ ಹೊತ್ತಿಕೊಳ್ಳದ ಟ್ರೈಅಸಿಟೇಟ್ ಫಿಲ್ಮನ್ನು ತಂದು, 1951ರ ಹೊತ್ತಿಗೆ ನೈಟ್ರೇಟ್ ಫಿಲ್ಮಿನ ತಯಾರಿಕೆಯನ್ನೇ ನಿಲ್ಲಿಸಿತ್ತು. ಹೀಗಾಗಿ ಅರವತ್ತು, ಎಪ್ಪತ್ತರ ದಶಕದಲ್ಲಿ ಕಟ್ಟಿದ ಟಾಕೀಸುಗಳ ಹೊರಮೆಟ್ಟಿಲೂ ಕಿರುಗಿಂಡಿಯೂ ಆಗಲೇ ಅಂಗಡಿಯಿಂದ ಮಾಯವಾಗಿದ್ದ ವಸ್ತುವಿನ ಅಳತೆಗೆ ಹೊಲಿಸಿದವು. ಹೊಗೆಕೊಳವೆಗೆ ಮಾತ್ರ ಕೆಲಸ ತಪ್ಪಲಿಲ್ಲ: ಕಾರ್ಬನ್ ಕಡ್ಡಿಗಳ ಹೊಗೆ ಹೋಗಬೇಕಿತ್ತು, ಅವು ಹೋಗಿ ಝೆನಾನ್ ದೀಪ ಬಂದಾಗ ಅದರ ಶಾಖವನ್ನೂ ಓಝೋನನ್ನೂ ಹೊರಗೆ ಕಳಿಸಬೇಕಿತ್ತು.