‘ಕಳಿಸಿಬಿಟ್ಟಿದ್ದೀವಲ್ಲ ಮೇಡಂ!’

ಪೋಕ್ಸೊ ಕೇಸುಗಳನ್ನು, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸುಗಳನ್ನು, ನೋಡುವ ವಕೀಲೆ ನಾನು. ಈ ಮಾತು ಕೇಳಿದರೆ ಸಾಕು, ತಲೆ ಬಿಸಿಯಾಗುತ್ತದೆ: ‘ಆ ಮೇಷ್ಟ್ರನ್ನ ಆಗಲೇ ಕಳಿಸಿಬಿಟ್ಟಿದ್ದೀವಲ್ಲ ಮೇಡಂ, ಇನ್ನೇನು ತೊಂದರೆ?’

ಹೀಗೆ ಕೇಳುವವರು ಕೆಟ್ಟವರಲ್ಲ. ಹೆಚ್ಚಿನವರು ಶಾಲೆ, ಹಾಸ್ಟೆಲ್, ಟ್ರಸ್ಟ್ ನಡೆಸುವ ಮರ್ಯಾದಸ್ಥರು. ಅದಕ್ಕೇ ಇನ್ನೂ ಸಿಟ್ಟು ಬರುತ್ತದೆ.

2018ರ ಆಗಸ್ಟ್‌ನಲ್ಲಿ ಒಬ್ಬ ಹಳೆಯ ಕಕ್ಷಿದಾರರು ಫೋನ್ ಮಾಡಿದ್ದರು. ಮಂಗಳೂರು ಕಡೆಯವರು. ಅವರ ತಂಗಿ ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನಲ್ಲಿ ನರ್ಸ್. ಪೋಪ್ ಫ್ರಾನ್ಸಿಸ್ ಐರ್ಲೆಂಡಿಗೆ ಬರುವವರಿದ್ದರು. ಅಲ್ಲಿನ ಫೀನಿಕ್ಸ್ ಪಾರ್ಕ್‌ನಲ್ಲಿ ಅವರು ನಡೆಸುವ ಬಲಿಪೂಜೆಗೆ (ಮಾಸ್) ತಂಗಿಗೆ ಟಿಕೆಟ್ ಸಿಕ್ಕಿತ್ತು. ಆದರೆ ಅವಳ ವಾರ್ಡಿನ ಐರಿಶ್ ಗೆಳತಿಯರು ಯಾರೂ ಹೊರಟಿರಲಿಲ್ಲ. ಪಾದ್ರಿಗಳು ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯದ ಸಿಟ್ಟು. ಕೆಲವರಂತೂ ಬೇಕೆಂದೇ ಬಿಟ್ಟಿ ಟಿಕೆಟ್ ಬುಕ್ ಮಾಡಿ ಹೋಗದೇ ಇರುವ ಪ್ಲಾನ್ ಹಾಕಿದ್ದರಂತೆ. ‘ಪೋಪ್ ಏನು ತಪ್ಪು ಮಾಡಿದ್ದಾರೆ ಮೇಡಂ? ಯಾರೋ ನಾಲ್ಕು ಫಾದರ್‌ಗಳು ಮಾಡಿದ್ದಕ್ಕೆ ಇವರನ್ನ ಯಾಕೆ ಬೈಯ್ಯೋದು? ಧರ್ಮದ್ವೇಷ ಅಲ್ವಾ ಇದು?’

ಅವರ ನೋವು ನನಗೆ ಅರ್ಥವಾಗುತ್ತದೆ. 1986ರ ಫೆಬ್ರುವರಿಯಲ್ಲಿ ಪೋಪ್ ಎರಡನೇ ಜಾನ್ ಪಾಲ್ ಮಂಗಳೂರಿಗೆ ಬಂದಿದ್ದರು. ನಾವು ಕ್ರೈಸ್ತರಲ್ಲ, ಆದರೂ ನೋಡಲು ಹೋಗಿದ್ದೆವು. ಅಪ್ಪನ ಹೆಗಲ ಮೇಲೆ ಕೂತು ದೂರದಲ್ಲಿ ಒಂದು ಬಿಳಿ ಚುಕ್ಕೆ ನೋಡಿದ ನೆನಪು. ಪಕ್ಕದ ಮನೆಯ ಬಾಯಮ್ಮ ಆ ಇಡೀ ದಿನ ಅಳುತ್ತಲೇ ಇದ್ದರು, ಖುಷಿಗೆ. ಅಂಥ ಭಕ್ತಿಯನ್ನು ಹಗುರವಾಗಿ ಮಾತಾಡುವ ಮನಸ್ಸು ನನಗಿಲ್ಲ.

ಆದರೆ ‘ನಾಲ್ಕು ಫಾದರ್‌ಗಳು’ ಎಂಬಲ್ಲೇ ಎಡವಟ್ಟು ಇರುವುದು. ಡಬ್ಲಿನ್‌ನ ಜನ ಬೀದಿಗೆ ಇಳಿದದ್ದು ಆ ನಾಲ್ವರ ಮೇಲಿನ ಸಿಟ್ಟಿಗಲ್ಲ. ಅವರನ್ನು ಊರಿಂದೂರಿಗೆ ಕಳಿಸಿದವರ ಮೇಲಿನ ಸಿಟ್ಟಿಗೆ.

ಬಲಿಪೂಜೆ ನಡೆಯುತ್ತಿದ್ದ ಹೊತ್ತಿಗೇ ಡಬ್ಲಿನ್‌ನ ಗಾರ್ಡನ್ ಆಫ್ ರಿಮೆಂಬರೆನ್ಸ್‌ನಲ್ಲಿ ಸಾವಿರಾರು ಜನ ಸೇರಿದ್ದರು. ಅಲ್ಲಿಂದ ಶಾನ್ ಮ್ಯಾಕ್‌ಡರ್ಮಟ್ ಬೀದಿಗೆ ನಡೆದರು. ‘ದಾರಿ ತಪ್ಪಿದವರು’ ಎಂದು ಹೆಣ್ಣುಮಕ್ಕಳನ್ನು ಕೂಡಿಹಾಕಿ ಬಟ್ಟೆ ಒಗೆಸುತ್ತಿದ್ದ, ಸನ್ಯಾಸಿನಿಯರು ನಡೆಸುತ್ತಿದ್ದ ಮ್ಯಾಗ್ಡಲೀನ್ ಲಾಂಡ್ರಿಗಳಲ್ಲಿ ಐರ್ಲೆಂಡಿನಲ್ಲಿ ಎಲ್ಲಕ್ಕಿಂತ ಕೊನೆಗೆ ಮುಚ್ಚಿದ್ದು ಆ ಬೀದಿಯದು, 1996ರಲ್ಲಿ. ಸಭೆ ಕರೆದವರು ಕಾಲಮ್ ಓಗೋರ್ಮನ್. ಹುಡುಗನಾಗಿದ್ದಾಗ ವೆಕ್ಸ್‌ಫರ್ಡ್ ಕಡೆಯ ಶಾನ್ ಫಾರ್ಚೂನ್ ಎಂಬ ಪಾದ್ರಿಯಿಂದ ದೌರ್ಜನ್ಯಕ್ಕೆ ಒಳಗಾದವರು. ಆ ಪಾದ್ರಿಯ ಮೇಲೆ ದೂರು ಬಂದಾಗ ಏನಾಯಿತು? ಒಂದು ಊರಿನಿಂದ ಎತ್ತಿ ಓದಿನ ನೆಪದಲ್ಲಿ ಲಂಡನ್ನಿಗೆ ಕಳಿಸಿದರು. ಮರಳಿ ಬಂದ ಮೇಲೆ ಇನ್ನೊಂದು ಊರು ಕೊಟ್ಟರು. ಆ ಊರಿನಲ್ಲೂ ಮಕ್ಕಳಿದ್ದರು. ಕೊನೆಗೆ 1999ರಲ್ಲಿ, ಕೇಸು ನಡೆಯುತ್ತಿರುವಾಗಲೇ, ಅವನು ಆತ್ಮಹತ್ಯೆ ಮಾಡಿಕೊಂಡ. ಅವನಿದ್ದದ್ದು ಫರ್ನ್ಸ್ ಧರ್ಮಪ್ರಾಂತ್ಯದಲ್ಲಿ, ಅಂದರೆ ಅಲ್ಲಿನ ಬಿಷಪ್‌ನ ಆಡಳಿತಕ್ಕೆ ಸೇರಿದ ಪ್ರದೇಶದಲ್ಲಿ. 2005ರಲ್ಲಿ ಬಂದ ಸರ್ಕಾರಿ ತನಿಖೆಯ ಫರ್ನ್ಸ್ ವರದಿಯಲ್ಲಿ ಆ ಒಂದೇ ಧರ್ಮಪ್ರಾಂತ್ಯದ 21 ಪಾದ್ರಿಗಳ ಮೇಲೆ ನೂರಕ್ಕೂ ಹೆಚ್ಚು ಆರೋಪಗಳು ದಾಖಲಾದವು.

ಇದನ್ನೇ ನಾನು ಕಕ್ಷಿದಾರರಿಗೆ ಬಿಡಿಸಿ ಬಿಡಿಸಿ ಹೇಳುವುದು. ಮಗುವಿನ ಮೇಲೆ ಕೈ ಹಾಕಿದ್ದು ಒಂದು ಅಪರಾಧ. ಗೊತ್ತಿದ್ದೂ ಹೇಳದೇ ಇದ್ದದ್ದು ಇನ್ನೊಂದು. ಎರಡನೆಯದನ್ನು ಮಾಡುವವರು ಬೇರೆಯೇ ಜನ. ಪ್ರಾರ್ಥನೆ ಮಾಡುವವರು, ಕಡತ ಇಡುವವರು, ಮನೆಯಲ್ಲಿ ಮೊಮ್ಮಕ್ಕಳನ್ನು ಮುದ್ದು ಮಾಡುವವರು. ‘ನಾನು ಏನೂ ಮಾಡಿಲ್ಲ’ ಎನ್ನುತ್ತಾರೆ. ನಿಜ, ಏನೂ ಮಾಡಿಲ್ಲ. ತಕರಾರು ಇರುವುದೇ ಅದರ ಬಗ್ಗೆ.

ವಕೀಲಳಾಗಿ ನನ್ನನ್ನು ಬಹಳ ಕಾಡಿದ್ದು 2009ರ ಮರ್ಫಿ ವರದಿಯ, ಅಂದರೆ ಡಬ್ಲಿನ್‌ನ ಚರ್ಚು ಇಂಥ ದೂರುಗಳನ್ನು ಹೇಗೆ ನಿಭಾಯಿಸಿತು ಎಂಬ ಸರ್ಕಾರಿ ತನಿಖೆಯ, ಒಂದು ಸಣ್ಣ ವಿವರ. ಡಬ್ಲಿನ್ ಮಹಾಧರ್ಮಪ್ರಾಂತ್ಯ 1987ರಲ್ಲಿ ಒಂದು ವಿಮೆ ಮಾಡಿಸಿತ್ತು. ಬೆಂಕಿಗಲ್ಲ, ಕಳ್ಳತನಕ್ಕಲ್ಲ. ಪಾದ್ರಿಗಳ ಲೈಂಗಿಕ ದೌರ್ಜನ್ಯದ ಪರಿಹಾರ ಕೊಡಬೇಕಾಗಿ ಬಂದರೆ ಇರಲಿ ಎಂದು. ಆಮೇಲೆ ‘ನಮಗೆ ಗೊತ್ತೇ ಇರಲಿಲ್ಲ’ ಎಂದರೆ ಯಾರು ನಂಬುತ್ತಾರೆ? ಗೊತ್ತಿಲ್ಲದ್ದಕ್ಕೆ ಯಾರೂ ಪ್ರೀಮಿಯಂ ಕಟ್ಟುವುದಿಲ್ಲ.

ಅದೇ ವರದಿಯಲ್ಲಿ ಇನ್ನೊಂದು ಇದೆ. ಕನ್ನಡಿಗರಿಗೆ ಬೇಗ ಅರ್ಥವಾಗುತ್ತದೆ, ಯಾಕೆಂದರೆ ಎಲ್ಲ ಇರುವುದು ಕ್ರಿಯಾಪದದಲ್ಲಿ. ಚರ್ಚಿನ ಹಣ ಪರಿಹಾರಕ್ಕೆ ಹೋಗಿದೆಯೇ ಎಂದು ಪತ್ರಕರ್ತರು ಕೇಳಿದ್ದರು. ಆರ್ಚ್‌ಬಿಷಪ್ ಡೆಸ್ಮಂಡ್ ಕಾನೆಲ್ ಕೊಟ್ಟ ಉತ್ತರ ‘ಬಳಸುತ್ತಿಲ್ಲ’ ಎನ್ನುವ ರೀತಿಯದು. ‘ಬಳಸಿಲ್ಲ’ ಎಂದು ಅವರು ಹೇಳಲಿಲ್ಲ. ಸಂತ್ರಸ್ತನಿಗೆ ಪರಿಹಾರ ಕೊಡಲೆಂದೇ ಹಿಂದೆ ಒಬ್ಬ ಪಾದ್ರಿಗೆ ಚರ್ಚಿನ ಹಣದಿಂದ ಸಾಲ ಕೊಟ್ಟಾಗಿತ್ತು. ‘ನಾನು ಸುಳ್ಳು ಹೇಳಿಲ್ಲ, ವರ್ತಮಾನ ಕಾಲದಲ್ಲಿ ಮಾತಾಡಿದೆ’ ಎಂಬುದು ಆಮೇಲಿನ ಸಮಜಾಯಿಷಿ. ಇಂಥ ವ್ಯಾಕರಣ ಪಂಡಿತರು ನಮ್ಮ ಕೋರ್ಟುಗಳಲ್ಲೂ ಜಾಸ್ತಿ ಇದ್ದಾರೆ ಬಿಡಿ, ಅವರಲ್ಲಿ ಕೆಲವರು ನನ್ನ ಸ್ನೇಹಿತರು.

ಪೋಪ್ ಫ್ರಾನ್ಸಿಸ್ ಅವರ ಸ್ವಂತ ಪಾತ್ರದ ಬಗ್ಗೆ ನಾನು ಎಚ್ಚರದಿಂದಲೇ ಮಾತಾಡುತ್ತೇನೆ. ಐರ್ಲೆಂಡಿಗೆ ಬಂದ ಅದೇ 2018ರ ಜನವರಿಯಲ್ಲಿ ಅವರು ಚಿಲಿಗೆ ಹೋಗಿದ್ದರು. ಅಲ್ಲಿನ ಬಿಷಪ್ ಹುವಾನ್ ಬಾರೋಸ್ ದೌರ್ಜನ್ಯ ಕಂಡೂ ಸುಮ್ಮನಿದ್ದರು ಎಂದು ಸಂತ್ರಸ್ತರು ದೂರುತ್ತಿದ್ದರು. ಸಾಕ್ಷಿ ತಂದರೆ ಮಾತಾಡುತ್ತೇನೆ, ಇದೆಲ್ಲ ಅಪವಾದ ಎಂದುಬಿಟ್ಟರು ಫ್ರಾನ್ಸಿಸ್. ದೊಡ್ಡ ಗಲಾಟೆಯಾಯಿತು. ಆಮೇಲೆ ತನಿಖೆಗೆ ಜನ ಕಳಿಸಿದರು. ಏಪ್ರಿಲ್‌ನಲ್ಲಿ ತಾನು ತಪ್ಪು ಅಂದಾಜು ಮಾಡಿದೆ ಎಂದು ಬರೆದು ಕ್ಷಮೆ ಕೇಳಿದರು. ಮೇನಲ್ಲಿ ಚಿಲಿಯ ಅಷ್ಟೂ ಬಿಷಪ್‌ಗಳು ರಾಜೀನಾಮೆ ಪತ್ರ ಕೊಟ್ಟರು. ಜೂನ್‌ನಲ್ಲಿ ಬಾರೋಸ್ ರಾಜೀನಾಮೆ ಅಂಗೀಕಾರವಾಯಿತು. ನನಗೆ ಇಲ್ಲಿ ಇಬ್ಬರ ಮೇಲೂ ಗೌರವ ಇದೆ. ಪ್ರತಿಭಟಿಸಿದವರ ಮೇಲೂ, ತಪ್ಪಾಯಿತು ಎಂದ ಮುದುಕನ ಮೇಲೂ. ಆದರೆ ಗಲಾಟೆ ಆಗದಿದ್ದರೆ ಆ ತನಿಖೆ ಆಗುತ್ತಿತ್ತಾ? ನನಗಂತೂ ಅನುಮಾನ.

2019ರಲ್ಲಿ ವ್ಯಾಟಿಕನ್ ನಿಯಮ ಬಿಗಿ ಮಾಡಿತು. ಪಾದ್ರಿಗಳು, ಸನ್ಯಾಸಿನಿಯರು ವಿಷಯ ಗೊತ್ತಾದರೆ ಚರ್ಚಿನ ಮೇಲಿನವರಿಗೆ ಹೇಳಲೇಬೇಕು. ಪೊಲೀಸರ ವಿಷಯಕ್ಕೆ ಬಂದರೆ, ಆಯಾ ದೇಶದ ಕಾನೂನಿನಂತೆ ನಡೆಯಿರಿ ಎಂದಷ್ಟೇ. ಹಾಗಾಗಿ ಕೊನೆಗೆ ಎಲ್ಲ ಬಂದು ನಿಲ್ಲುವುದು ದೇಶದ ಕಾನೂನಿನ ಮುಂದೆ.

ನಮ್ಮ ಕಾನೂನು ಇದರಲ್ಲಿ ಸ್ಪಷ್ಟವಾಗಿದೆ. ಪೋಕ್ಸೊ ಕಾಯ್ದೆಯ ಸೆಕ್ಷನ್ 19 ಓದಿ. ಅಪರಾಧ ನಡೆದಿದೆ ಎಂದು ಗೊತ್ತಾದರೆ, ಅಥವಾ ನಡೆಯಬಹುದು ಎಂಬ ಭಯ ಇದ್ದರೂ, ಪೊಲೀಸರಿಗೆ ಹೇಳಬೇಕು. ಟ್ರಸ್ಟಿಗಲ್ಲ, ಗುರುಗಳಿಗಲ್ಲ, ಸ್ವಾಮಿಗಳಿಗಲ್ಲ, ಮೌಲ್ವಿಗಳಿಗಲ್ಲ. ಸೆಕ್ಷನ್ 21ರ ಪ್ರಕಾರ ಹೇಳದವರಿಗೆ ಆರು ತಿಂಗಳವರೆಗೆ ಜೈಲು ಆಗಬಹುದು. ತನ್ನ ಕೈಕೆಳಗಿನವನ ಬಗ್ಗೆ ಹೇಳದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ದೂರು ನಿಜವೋ ಸುಳ್ಳೋ ಎಂದು ತೀರ್ಮಾನಿಸುವ ಕೆಲಸ ನಿಮ್ಮದಲ್ಲ. ಸುಳ್ಳು ದೂರುಗಳೂ ಇರುತ್ತವೆ, ಅಂಥ ಕೇಸುಗಳಲ್ಲಿ ಆರೋಪಿಯ ಪರ ನಾನೇ ನಿಂತಿದ್ದೇನೆ. ಅದಕ್ಕೆ ಕೋರ್ಟು ಇದೆ. (ಇದು ಅಂಕಣ, ನಿಮ್ಮ ಕೇಸಿಗೆ ಸಲಹೆ ಅಲ್ಲ. ನಿಮ್ಮ ವಕೀಲರನ್ನು ಕೇಳಿ.)

ಆ ಫೋನ್ ಬಂದ ವಾರದಲ್ಲೇ ಒಬ್ಬ ಟ್ರಸ್ಟಿ ಕಚೇರಿಗೆ ಬಂದಿದ್ದರು. ಹಸಿರು ಟ್ಯಾಗ್ ಕಟ್ಟಿದ ನೀಟಾದ ಫೈಲು. ಮೊದಲ ಹಾಳೆ ತಾಯಿಯ ದೂರು, ರೂಲ್ಡ್ ಪೇಪರಿನಲ್ಲಿ, ಅಲ್ಲಲ್ಲಿ ಹೊಡೆದುಹಾಕಿದ ಅಕ್ಷರ. ಎರಡನೆಯದು ಮೇಷ್ಟ್ರ ಕ್ಷಮಾಪಣೆ ಪತ್ರ. ಮೂರನೆಯದು ಬಿಡುಗಡೆ ಆದೇಶ. ನಾಲ್ಕನೆಯದು ಶಾಲೆಯ ಲೆಟರ್‌ಹೆಡ್‌ನಲ್ಲಿ ಅನುಭವ ಪ್ರಮಾಣಪತ್ರ. ಕೊನೆಯ ಸಾಲು: ‘ಇವರ ಗುಣನಡತೆ ತೃಪ್ತಿಕರವಾಗಿರುತ್ತದೆ.’

‘ಇದನ್ನ ಯಾಕೆ ಕೊಟ್ರಿ?’ ಎಂದೆ.

‘ಹೆಂಡತಿ ಮಕ್ಕಳಿದ್ದಾರೆ ಮೇಡಂ. ಹೊಟ್ಟೆಪಾಡು.’

ಕರುಣೆಯಿಂದಲೇ ಕೊಟ್ಟಿದ್ದರು, ಅದರಲ್ಲಿ ಸಂಶಯ ಇಲ್ಲ. ನಾನು ಸ್ವಲ್ಪ ಜೋರಾಗಿಯೇ ಮಾತಾಡಿದೆ. ಫರ್ನ್ಸ್ ಕತೆಯನ್ನೂ ಹೇಳಿದೆ. ಅವರು ಲೋಟದ ನೀರು ಪೂರ್ತಿ ಕುಡಿದು ಎದ್ದರು. ಮರುದಿನ ಠಾಣೆಗೆ ಹೋಗಿ ದೂರು ಕೊಟ್ಟು ಬಂದರು. ಸಂಜೆ ಫೋನ್ ಮಾಡಿ, ಆ ಸರ್ಟಿಫಿಕೇಟನ್ನು ವಾಪಸ್ ತಗೊಳ್ಳೋಕೆ ದಾರಿ ಇದೆಯಾ ಎಂದು ಕೇಳಿದರು. ಮೇಷ್ಟ್ರು ಜೂನ್‌ನಲ್ಲೇ ಬೇರೆ ತಾಲ್ಲೂಕಿನ ಶಾಲೆಗೆ ಸೇರಿಯಾಗಿತ್ತು. ಐದನೇ ಕ್ಲಾಸಿಗೆ, ಕ್ಲಾಸ್ ಟೀಚರ್ ಆಗಿ.