ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲವೇ?

ಪ್ರಶ್ನೆ: ಹಿತ್ತಲಿನಲ್ಲಿ ಬಿದ್ದಿದ್ದ ಅಳಿಲಿನ ಮರಿಯನ್ನು ಕೈಯಿಂದ ಎತ್ತಿಕೊಂಡೆವು. ಮನುಷ್ಯರ ವಾಸನೆ ತಗುಲಿದ ಮರಿಯನ್ನು ತಾಯಿ ಸೇರಿಸುವುದಿಲ್ಲವಂತೆ. ನಿಮ್ಮ ಕುದುರೆ ಲಾಯದಲ್ಲಿ ಬೀದಿನಾಯಿಗಳಿಗೆ ಆಶ್ರಯ ಕೊಟ್ಟಿದ್ದೀರಲ್ಲ, ಇದನ್ನೂ ಸಾಕಿಕೊಳ್ಳುವಿರಾ?

ಅಳಿಲು, ಮೈನಾ, ಮೊಲ, ಗೂಬೆ ಎಂದು ಪ್ರಾಣಿಯ ಹೆಸರು ಬದಲಾಗುತ್ತದೆ. ಪ್ರಶ್ನೆ ಮಾತ್ರ ವರ್ಷವರ್ಷವೂ ಇದೇ. ನಾಯಿಯಾದರೆ ಉತ್ತರ ಸುಲಭ. ಜಾಗವಿದ್ದಾಗ ಸೇರಿಸಿಕೊಳ್ಳುತ್ತೇವೆ, ಲಸಿಕೆ ಹಾಕಿಸಿ ಎರಡು ವಾರ ಬೇರೆ ಕೊಟ್ಟಿಗೆಯಲ್ಲಿಟ್ಟು ನೋಡುತ್ತೇವೆ, ಆಮೇಲೆ ಉಳಿದ ನಾಯಿಗಳ ಜೊತೆ ಬಿಡುತ್ತೇವೆ. ಕಾಡುಪ್ರಾಣಿಯ ಮರಿಯನ್ನು ಇಟ್ಟುಕೊಳ್ಳುವುದಿಲ್ಲ. ಆದರೆ ಇದಕ್ಕೆ ಕಾರಣ ಹೇಳುವ ಮೊದಲು, ಪ್ರಶ್ನೆಯ ನಡುವೆ ಕುಳಿತಿರುವ ಆ ವಾಸನೆಯ ಮಾತನ್ನು ಬುಡಸಹಿತ ಕೀಳಬೇಕಾಗಿದೆ, ಏಕೆಂದರೆ ನಮ್ಮ ಬಾಗಿಲಿಗೆ ಬರುವ ಬಹಳಷ್ಟು ಮರಿಗಳು ಅನಾಥವಾಗಿರುವುದೇ ಇಲ್ಲ.

ಮನುಷ್ಯ ಮುಟ್ಟಿದನೆಂಬ ಕಾರಣಕ್ಕೆ ತಾಯಿ ಮರಿಯನ್ನು ತೊರೆಯುತ್ತದೆ ಎಂಬುದು ಸುಳ್ಳು. ಮಕ್ಕಳು ಗೂಡಿಗೆ ಕೈ ಹಾಕದಿರಲಿ ಎಂದು ಹಿರಿಯರು ಹೇಳಿದ ಮಾತು ಇದಾಗಿರಬಹುದು. ಆ ಉದ್ದೇಶ ಒಳ್ಳೆಯದೇ. ಆದರೆ ದೊಡ್ಡವರೂ ಅದನ್ನು ನಂಬಿ, ತಾಯಿ ಮರದ ಮೇಲೆ ಕೂಗುತ್ತಿರುವಾಗಲೇ ಮರಿಯನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಹತ್ತಾರು ಕಿಲೋಮೀಟರ್ ದೂರ ಒಯ್ಯುತ್ತಾರೆ. ವಾರಗಟ್ಟಲೆ ಕಾವು ಕೊಟ್ಟು, ಗುಟುಕು ಕೊಟ್ಟು ಸಾಕಿದ ಹಕ್ಕಿ ಒಂದು ವಾಸನೆಗೆ ಮರಿಯನ್ನು ಬಿಟ್ಟುಹೋಗುವುದಿಲ್ಲ. ಅದು ಹತ್ತಿರ ಬರದಿದ್ದರೆ, ನಾವು ಗೂಡಿನ ಕೆಳಗೆ ಗುಂಪುಕಟ್ಟಿ ನಿಂತಿರುವುದೇ ಅದಕ್ಕೆ ಕಾರಣವೆಂದು ತಿಳಿಯಬೇಕು. ಮೊಲವಂತೂ ಬೇಟೆಯಾಡುವ ಪ್ರಾಣಿಗಳಿಗೆ ಸುಳಿವು ಸಿಗಬಾರದೆಂದು ಮರಿಗಳನ್ನು ಹುಲ್ಲಿನಲ್ಲಿ ಅಡಗಿಸಿ ಹಗಲೆಲ್ಲ ದೂರವೇ ಇರುತ್ತದೆ. ಜಿಂಕೆಯ ರೀತಿಯೂ ಅದೇ. ಒಂಟಿಯಾಗಿ ಅಲುಗಾಡದೆ ಮಲಗಿರುವ ಮರಿ ತಾಯಿ ಕಲಿಸಿದ ಪಾಠವನ್ನು ಪಾಲಿಸುತ್ತಿರುತ್ತದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಲಾಯದ ಹೆಂಚು ಇಳಿಸುವಾಗ ತೆಂಗಿನ ನಾರು, ಗೋಣಿ ದಾರ ಮತ್ತು ಕುದುರೆಯ ಬಾಲದ ಕೂದಲನ್ನು ಸುತ್ತಿ ಕಟ್ಟಿದ ಅಳಿಲಿನ ಗೂಡೊಂದು ಕೆಳಗೆ ಬಿತ್ತು. ಕಣ್ಣು ತೆರೆಯದ, ರೋಮವೂ ಮೂಡದ ಎರಡು ಮರಿಗಳು ಅದರಲ್ಲಿದ್ದವು. ಕೆಲಸದವರು ಬರಿಗೈಯಿಂದಲೇ ಎತ್ತಿದರು. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕದಲ್ಲಿ ಮರಿಗಳನ್ನು ಗೂಡಿನ ಸಮೇತ ಬಿದಿರಿನ ಬುಟ್ಟಿಯಲ್ಲಿಟ್ಟು, ಬುಟ್ಟಿಯನ್ನು ಪಕ್ಕದ ಹುಣಸೆ ಮರಕ್ಕೆ ಕಟ್ಟಿ, ನಾಯಿಗಳನ್ನು ಒಳಗೆ ಕೂಡಿ, ಎಲ್ಲರೂ ದೂರ ಸರಿದೆವು. ಸುಮಾರು ಒಂದೂವರೆ ಗಂಟೆಯ ನಂತರ ತಾಯಿ ಇಳಿದು ಬಂದು ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡಿತು. ಮರಿ ಮುದುಡಿ ಅದರ ಕುತ್ತಿಗೆಗೆ ಅಂಟಿಕೊಂಡಿತು. ಕಾಲು ಗಂಟೆಯೊಳಗೆ ಎರಡನೆಯದಕ್ಕೂ ಮರಳಿ ಬಂತು. ಇದನ್ನು ಕಣ್ಣಾರೆ ಕಂಡ ಮೇಲೆ ನಮ್ಮ ಕೆಲಸದವರಲ್ಲಿ ಯಾರೂ ವಾಸನೆಯ ಮಾತೆತ್ತಿಲ್ಲ.

ಆದ್ದರಿಂದ ಪುಕ್ಕ ಬಂದು ನೆಲದಲ್ಲಿ ಕುಪ್ಪಳಿಸುತ್ತಿರುವ ಹಕ್ಕಿಮರಿಯನ್ನು ಅಲ್ಲೇ ಬಿಡಿ, ಪುಕ್ಕವಿಲ್ಲದ್ದನ್ನು ಗೂಡಿಗೆ ಸೇರಿಸಿ. ಗಾಯ, ಇರುವೆ ಮುತ್ತಿರುವುದು, ಬೆಕ್ಕು ಕಚ್ಚಿದ ಗುರುತು ಅಥವಾ ಸತ್ತ ತಾಯಿ ಕಂಡರೆ ಮಾತ್ರ ಸಹಾಯ ಬೇಕು. ಆಗಲೂ ಮೈ ಬೆಚ್ಚಗಿಡಿ, ಹಸುವಿನ ಹಾಲು ಹಾಕಬೇಡಿ. ಅದು ಭೇದಿ ತರುತ್ತದೆ, ತಣ್ಣಗಾದ ಮರಿಗೆ ಕುಡಿಸಿದರೆ ಶ್ವಾಸಕೋಶಕ್ಕೂ ಇಳಿಯಬಹುದು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಬೆಂಗಳೂರಿನವರಿಗೆ ಕೆಂಗೇರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ, ರಕ್ಷಿತ ಪ್ರಾಣಿ ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸರಿಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು.

ಲಾಯ ಏಕೆ ಬೇಡವೆಂದರೆ, ನಾಯಿಗಳ ನಡುವೆ ಬೆಳೆದ ಮರಿಗೆ ನಾಯಿಯ ಭಯವೇ ಇರುವುದಿಲ್ಲ. ಬಿಡುಗಡೆಯಾದ ದಿನವೇ ಅದು ಬೇರೆ ನಾಯಿಯ ಬಾಯಿಗೆ ಬೀಳುತ್ತದೆ. ರೋಗದ ಭಯವೂ ಇದೆ. 2018ರಲ್ಲಿ ಗೀರ್‌ನಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಹಲವದರಲ್ಲಿ ಕಂಡುಬಂದದ್ದು ನಾಯಿಗಳನ್ನು ಕಾಡುವ ಡಿಸ್ಟೆಂಪರ್ ವೈರಾಣು.

ಇಷ್ಟು ಬರೆಯುವಾಗ, ಯಾರೂ ಕೇಳದ, ಆದರೆ ಲಾಯದಲ್ಲಿ ನಾಯಿ ಸಾಕುವ ಪ್ರತಿಯೊಬ್ಬರೂ ಕೇಳಬೇಕಾದ ಇನ್ನೊಂದು ಪ್ರಶ್ನೆ ನೆನಪಾಗುತ್ತದೆ: ಕುದುರೆಗೆ ಜಂತುಹುಳುವಿನ ಔಷಧ ಕೊಟ್ಟ ದಿನ ನಾಯಿಗಳು ಎಲ್ಲಿರುತ್ತವೆ? ಒಂದು ಸಿರಿಂಜಿನಲ್ಲಿರುವ ಐವರ್‌ಮೆಕ್ಟಿನ್ ಲೇಪ 500–600 ಕಿಲೋ ತೂಕದ ಕುದುರೆಗೆ ಸಾಕಾಗುವಷ್ಟಿರುತ್ತದೆ. ಕುದುರೆ ಉಗುಳಿದ ತುಣುಕನ್ನು 15 ಕಿಲೋ ತೂಕದ ನಾಯಿ ನೆಕ್ಕಿದರೆ ತೂರಾಡಬಹುದು, ಕಣ್ಣು ಕಾಣದಂತಾಗಬಹುದು, ಸಾಯಲೂಬಹುದು. ಕೋಲಿಯಂತಹ ತಳಿಗಳಿಗೆ ಅದಕ್ಕಿಂತ ಕಡಿಮೆಯೂ ಸಾಕು. ಲದ್ದಿಯಲ್ಲೂ ಈ ಔಷಧ ಹೊರಬೀಳುತ್ತದೆ, ನಾಯಿಗಳಿಗೆ ಲದ್ದಿ ಎಂದರೆ ಪ್ರೀತಿ. ನಮ್ಮಲ್ಲಿ ಆ ದಿನ ಔಷಧ ಕೊಡುವ ಮೊದಲೇ ನಾಯಿಗಳನ್ನು ಹಿಂದಿನ ಅಂಗಳಕ್ಕೆ ಕೂಡಿ, ಕುದುರೆ ಲೇಪವನ್ನು ನುಂಗುವವರೆಗೆ ತಲೆ ಎತ್ತಿ ಹಿಡಿದು, ಕೆಳಗೆ ಬಿದ್ದದ್ದನ್ನು ಒರೆಸಿ ತೆಗೆಯುತ್ತೇವೆ. ಮುಂದಿನ ಕೆಲವು ದಿನಗಳ ಲದ್ದಿಯನ್ನು ಬಿದ್ದ ಕೂಡಲೇ ಎತ್ತಿ, ಬೇಲಿಯಾಚೆಯ ಮುಚ್ಚಿದ ಗುಂಡಿಗೆ ಸುರಿಯುತ್ತೇವೆ.